ಮಗಳಿಗೆ ಸಿಬಿಝಡ್ ಕೊಡಿಸಲಾ, ಬಯೋಟೆಕ್ ಕೊಡಿಸಲಾ? ತಿಳಿದವರು ಹೇಳಿ

ಗೊಬ್ಬರದಂಗಡಿ

ಎಲ್ಲರಿಗೂ ನಮಸ್ಕಾರ. ನಾನು ಕೆ.ಆರ್. ನಗರದ ಕಡೆಯವನು. ಬೀಜ, ಗೊಬ್ಬರ, ಔಷಧಿಯ ಅಂಗಡಿ ಇದೆ. ಓದಿದ್ದು ಎಸ್ಸೆಸ್ಸೆಲ್ಸಿ. ಹಾಗಾಗಿ ಪ್ರಶ್ನೆ ದಡ್ಡತನದ್ದು ಅನ್ನಿಸಿದರೆ ಬಯ್ಯಬೇಡಿ.

ಮಗಳು ಸೆಕೆಂಡ್ ಪಿಯು ಪಿಸಿಎಂಬಿ ಮುಗಿಸಿದ್ದಾಳೆ. ಬಯಾಲಜಿಯಲ್ಲಿ ಒಳ್ಳೆ ಮಾರ್ಕ್ಸ್ ಇದೆ. ನೀಟ್‌ನಲ್ಲಿ 720ಕ್ಕೆ 388 ಬಂತು. ಸರ್ಕಾರಿ ಮೆಡಿಕಲ್ ಸೀಟು ಸಿಗುವುದಿಲ್ಲ. ದುಡ್ಡು ಕೊಟ್ಟು ಓದಿಸುವ ಶಕ್ತಿ ನನಗಿಲ್ಲ. ಇನ್ನೊಂದು ವರ್ಷ ನೀಟ್‌ಗೇ ಓದಿಸುವ ಲಾಂಗ್ ಟರ್ಮ್ ಕೋಚಿಂಗ್‌ಗೆ ಸೇರಿಸುತ್ತೇನೆ ಎಂದೆ. "ಅಪ್ಪಾ, ಇನ್ನೊಂದು ವರ್ಷ ಅದೇ ಎಂಸಿಕ್ಯೂ ನನ್ನ ಕೈಲಾಗಲ್ಲ" ಅಂದಳು. ಸರಿ, ಬಿ.ಎಸ್ಸಿ. ಮಾಡಲಿ ಎಂದು ಒಪ್ಪಿದೆ. ಮೈಸೂರಿಗೆ ರೈಲಿನಲ್ಲಿ ಹೋಗಿ ಬರಬಹುದು.

ತಲೆನೋವು ಶುರುವಾಗಿದ್ದು ಆಮೇಲೆ. ನನ್ನ ಭಾಮೈದ ಬೆಂಗಳೂರಿನಲ್ಲಿದ್ದಾನೆ. ಅವನು ಬಯೋಟೆಕ್, ಮೈಕ್ರೋಬಯಾಲಜಿ, ಕೆಮಿಸ್ಟ್ರಿ ತೆಗೆದುಕೊಳ್ಳಲಿ ಎನ್ನುತ್ತಾನೆ. "ಬಾಟನಿ, ಝೂವಾಲಜಿ ಎಲ್ಲ ತಾತನ ಕಾಲದ್ದು ಭಾವ, ಈಗ ಯಾರು ಓದುತ್ತಾರೆ" ಅಂತಾನೆ. ಪಕ್ಕದ ಮನೆಯ ಮೇಷ್ಟ್ರು ಸಿಬಿಝಡ್, ಅಂದರೆ ಕೆಮಿಸ್ಟ್ರಿ, ಬಾಟನಿ, ಝೂವಾಲಜಿ ಎನ್ನುತ್ತಾರೆ. ಮಗಳಿಗೆ ಹುಳ, ಹಕ್ಕಿ ಅಂದರೆ ಆಸೆ. ಅಂಗಡಿಗೆ ರೈತರು ತರುವ ರೋಗದ ಎಲೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಅಂಟಿಸಿ ಇಟ್ಟುಕೊಂಡಿದ್ದಾಳೆ.

ನನಗೆ ಗೊತ್ತಾಗಬೇಕಾದ್ದು ಎರಡು. ಒಂದು, ಯಾವ ಕಾಂಬಿನೇಷನ್ ತೆಗೆದುಕೊಂಡರೆ ಮುಂದೆ ದಾರಿ ಮುಚ್ಚುವುದಿಲ್ಲ? ಎರಡು, ಡಿಗ್ರಿ ಈಗ ಮೂರು ವರ್ಷವೋ ನಾಲ್ಕು ವರ್ಷವೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ದೋಸೆಪ್ರಿಯ

ಲಾಂಗ್ ಟರ್ಮ್ ಬೇಡ ಎಂದು ಧೈರ್ಯವಾಗಿ ಹೇಳಿದಳಲ್ಲ, ಮೊದಲು ಮಗುವಿಗೆ ಒಂದು ಮಸಾಲೆ ದೋಸೆ ಕೊಡಿಸಿ ಅಣ್ಣ.

ಮಾಜಿ_ಬಯೋಟೆಕ್

ಅಣ್ಣಾ, ಹೆಸರು ಕೇಳಿ ಮಾರುಹೋಗಬೇಡಿ. ನಾನು ಹೋಗಿದ್ದೆ. 2001ರಲ್ಲಿ ಕರ್ನಾಟಕ ಸರ್ಕಾರ ಬಯೋಟೆಕ್ ನೀತಿ ತಂತು. 2004ರಲ್ಲಿ ಬಯೋಕಾನ್ ಷೇರು ಮಾರುಕಟ್ಟೆಗೆ ಬಂತು. ಐಟಿ ಆಯಿತು, ಇನ್ನು ಬಿಟಿ ಎಂದು ಊರೆಲ್ಲ ಅದೇ ಮಾತು. ನಮ್ಮಪ್ಪ 2005ರಲ್ಲಿ ನನ್ನನ್ನು ಬಯೋಟೆಕ್‌ಗೆ ಸೇರಿಸಿದರು. ಕಾಲೇಜಿನ ಹೆಸರು ಬೇಡ ಬಿಡಿ. ಅಲ್ಲಿ ಡಿಎನ್‌ಎ ನಕಲು ಮಾಡುವ ಒಂದು ಪಿಸಿಆರ್ ಯಂತ್ರ ಇತ್ತು. ಗಾಜಿನ ಬೀರುವಿನಲ್ಲಿ, ಬೀಗ ಹಾಕಿ. ವರ್ಷಕ್ಕೊಂದು ಸಲ ಆಯುಧಪೂಜೆಗೆ ಹೊರಗೆ ಬರುತ್ತಿತ್ತು. ಕುಂಕುಮ ಇಟ್ಟು, ಹೂವು ಮುಡಿಸಿ, ಮತ್ತೆ ಒಳಗೆ. ಮೂರು ವರ್ಷದಲ್ಲಿ ನಾನು ಡಿಎನ್‌ಎ ಕಂಡದ್ದು ಒಂದೇ ಸಲ. ಈರುಳ್ಳಿಯಿಂದ ತೆಗೆದ ಬಿಳಿ ದಾರ, ಅದೂ ಮೇಡಂ ಕೈಯಲ್ಲಿ.

ಡಿಗ್ರಿ ಮುಗಿದ ಮೇಲೆ ಮೆಡಿಕಲ್ ಕೋಡಿಂಗ್, ಅಂದರೆ ಆಸ್ಪತ್ರೆ ದಾಖಲೆಗಳಿಗೆ ಕೋಡ್ ಹಾಕುವ ಕೆಲಸಕ್ಕೆ ಸೇರಿದೆ. ಈಗಲೂ ಅದೇ. ಊಟಕ್ಕೆ ತೊಂದರೆ ಇಲ್ಲ. ಆದರೆ ಅದಕ್ಕೆ ಬಯೋಟೆಕ್ ಬೇಕಿರಲಿಲ್ಲ.

ಕುಕ್ಕರಹಳ್ಳಿ

ನಿಮ್ಮ ಭಾಮೈದನಿಗೆ ಒಂದು ಮಾತು ಹೇಳಿ. ಬಯೋಕಾನ್ ಕಟ್ಟಿದ ಕಿರಣ್ ಮಜುಂದಾರ್ ಶಾ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಓದಿದ್ದು ತಾತನ ಕಾಲದ ಝೂವಾಲಜಿಯನ್ನೇ. 1973ರ ಡಿಗ್ರಿ.

ಮಾಜಿ_ಬಯೋಟೆಕ್

ಆಮೇಲೆ ಆಸ್ಟ್ರೇಲಿಯಾಕ್ಕೆ ಹೋಗಿ ಬಿಯರ್ ಮಾಡುವುದನ್ನು ಕಲಿತರು. ಅದನ್ನೂ ಹೇಳಿ!

ರಾತ್ರಿಪಾಳಿ

ಎಲ್ಲರೂ ಸೇರಿ ಬಯೋಟೆಕ್, ಮೈಕ್ರೋ ಮೇಲೆ ಬಿದ್ದಿದ್ದೀರಿ. ನಾನು ಮೈಕ್ರೋ ಓದಿದವಳು. ಡಿಗ್ರಿ ಮುಗಿದ ಎರಡೇ ತಿಂಗಳಿಗೆ ಒಂದು ಔಷಧಿ ಕಂಪನಿಯ ಕ್ಯೂಸಿ, ಅಂದರೆ ಗುಣಮಟ್ಟ ಪರೀಕ್ಷಿಸುವ ಲ್ಯಾಬ್‌ನಲ್ಲಿ ಕೆಲಸ ಸಿಕ್ಕಿತು. ನಂಜನಗೂಡು, ಜಿಗಣಿ, ಬೊಮ್ಮಸಂದ್ರದ ಕಡೆ ಇಂಥ ಕೆಲಸಗಳಿವೆ.

ಕೆಲಸ ಏನು ಅಂದರೆ, ಕ್ಲೀನ್ ರೂಮಿನಲ್ಲಿ ಅಲ್ಲಲ್ಲಿ ಪ್ಲೇಟ್ ತೆರೆದಿಟ್ಟು ಗಾಳಿಯಲ್ಲಿ ಎಷ್ಟು ಬ್ಯಾಕ್ಟೀರಿಯಾ ಇದೆ ನೋಡುವುದು. ನೀರಿನ ಸ್ಯಾಂಪಲ್ ತೆಗೆಯುವುದು. ಇಂಜೆಕ್ಷನ್ ಬ್ಯಾಚಿಗೆ ಸ್ಟೆರಿಲಿಟಿ ಟೆಸ್ಟ್ ಹಾಕಿದರೆ 14 ದಿನ ಕಾಯಬೇಕು. ದಿನಾ ನೋಡಿ ಬರೆಯಬೇಕು. ಬಳೆ ಇಲ್ಲ, ಬೊಟ್ಟಿಲ್ಲ, ಪೌಡರ್ ಇಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ ನನ್ನ ಹಣೆ ನೋಡಿ ಮುಖ ಊದಿಸಿಕೊಂಡಿದ್ದರು. ಕೆಲಸ ಬೇಜಾರಿನದು, ರಾತ್ರಿ ಪಾಳಿಯೂ ಬರುತ್ತದೆ. ಆದರೆ ತಿಂಗಳಾದರೆ ಸಂಬಳ ಬರುತ್ತದೆ. ಎಂ.ಎಸ್ಸಿ. ಮಾಡದೆ ಬರೀ ಬಿ.ಎಸ್ಸಿ.ಯಿಂದ ಇಷ್ಟು ಬೇಗ ಕೆಲಸ ಕೊಡಿಸುವುದು ಬಯಾಲಜಿಯಲ್ಲಿ ಮೈಕ್ರೋ ಮಾತ್ರ.

ಚಾಕ್‌ಪೀಸ್

ರಾತ್ರಿಪಾಳಿ ಮೇಡಂ, ಕೊನೆಯ ಮಾತನ್ನು ಒಪ್ಪುವುದಿಲ್ಲ. ನಮ್ಮ ಕಡೆ ಸಿಬಿಝಡ್ ಓದಿದವರೂ ಕ್ಯೂಸಿಗೆ ಹೋಗಿದ್ದಾರೆ, ಕೆಮಿಸ್ಟ್ರಿ ಬಲದಿಂದ.

ನಾನು ಹೈಸ್ಕೂಲ್ ಟೀಚರ್. ಒಂದು ವಿಷಯ ಸ್ವಾಮಿಯವರಿಗೆ ಗೊತ್ತಿರಲಿ. ನಮ್ಮ ರಾಜ್ಯದ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕರ ಹುದ್ದೆಗೇ "ಸಿಬಿಝಡ್" ಎಂಬ ಹೆಸರಿದೆ. ಪಿಸಿಎಂನವರು ಬೇರೆ, ಸಿಬಿಝಡ್‌ನವರು ಬೇರೆ. ಬಿ.ಎಸ್ಸಿ. ಆದ ಮೇಲೆ ಎರಡು ವರ್ಷ ಬಿ.ಎಡ್., ಆಮೇಲೆ ನೇಮಕಾತಿ ಯಾವಾಗ ಕರೆಯುತ್ತಾರೋ ಎಂದು ಕಾಯುವುದು. ಬಯೋಟೆಕ್, ಮೈಕ್ರೋ, ಬಯೋಕೆಮಿಸ್ಟ್ರಿ ಎಂದು ಮೂರೂ ಹೊಸ ವಿಷಯ ತೆಗೆದುಕೊಂಡ ನನ್ನ ಗೆಳತಿ ಬಿ.ಎಡ್. ಮುಗಿಸಿ ಅರ್ಜಿ ಹಾಕಲು ಕುಳಿತಾಗ, ಡಿಗ್ರಿಯಲ್ಲಿ ಯಾವ ವಿಷಯ ಓದಿರಬೇಕು ಎಂಬ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಳು. ಅಳುತ್ತಾ ಫೋನ್ ಮಾಡಿದ್ದಳು. ಹಾಗಾಗಿ ನೌಕರಿಯ ಅಧಿಸೂಚನೆಯನ್ನು ಡಿಗ್ರಿ ಮುಗಿದ ಮೇಲೆ ಅಲ್ಲ, ಸೇರುವ ಮೊದಲೇ ಓದಬೇಕು.

ಟೀಚರ್ ಆಗುವುದು ಖಂಡಿತ ಎಂದಾದರೆ ಮೈಸೂರಿನ ಆರ್‌ಐಇ (ಪ್ರಾದೇಶಿಕ ಶಿಕ್ಷಣ ಸಂಸ್ಥೆ) ಮರೆಯಬೇಡಿ. ಎನ್‌ಸಿಇಆರ್‌ಟಿಯವರದು. ಬಿ.ಎಸ್ಸಿ., ಬಿ.ಎಡ್. ಎರಡೂ ಸೇರಿ ನಾಲ್ಕು ವರ್ಷಕ್ಕೆ ಮುಗಿಯುತ್ತದೆ, ಒಂದು ವರ್ಷ ಉಳಿಯುತ್ತದೆ. ಪ್ರವೇಶ ಪರೀಕ್ಷೆ ಬರೆಯಬೇಕು.

ಗೊಬ್ಬರದಂಗಡಿ

ಆರ್‌ಐಇ ಮುಂದೆ ಎಷ್ಟು ಸಲ ಓಡಾಡಿದ್ದೇನೆ, ಒಳಗೆ ಏನು ಕಲಿಸುತ್ತಾರೆ ಎಂದೇ ಗೊತ್ತಿರಲಿಲ್ಲ ಮೇಡಂ. ಥ್ಯಾಂಕ್ಸ್. ಅಂದಹಾಗೆ ನಾನು ಸ್ವಾಮಿ ಅಲ್ಲ, ಗೌಡ.

ಚಾಕ್‌ಪೀಸ್

ಅಯ್ಯೋ, ಕ್ಷಮಿಸಿ ಗೌಡ್ರೇ. ಅಂಗಡಿಯವರು ಎಂದರೆ ನನ್ನ ಬಾಯಿಗೆ ಸ್ವಾಮಿ ಅಂತಲೇ ಬರುತ್ತದೆ.

ಹುಬ್ಬಳ್ಳಿ_ಮಂದಿ

ಗೌಡ್ರ, ಚಾಕ್‌ಪೀಸ್ ಅವರ ಮಾತು ಖರೇ ಐತ್ರಿ. ಇನ್ನೊಂದು ಉದಾಹರಣೆ ಕೊಡ್ತೀನಿ. ಐಎಫ್‌ಎಸ್, ಅಂದರೆ ಅರಣ್ಯ ಸೇವೆಯ ಪರೀಕ್ಷೆಗೆ ಯಾವ ಡಿಗ್ರಿ ನಡೆಯುತ್ತದೆ ಎಂದು ಯುಪಿಎಸ್‌ಸಿ ಒಂದು ಪಟ್ಟಿ ಕೊಟ್ಟಿದೆ. ಅದರಲ್ಲಿ ಬಾಟನಿ ಇದೆ, ಝೂವಾಲಜಿ ಇದೆ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ, ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಪಶುವೈದ್ಯ ಇದೆ. ಕೃಷಿ, ಅರಣ್ಯಶಾಸ್ತ್ರ, ಎಂಜಿನಿಯರಿಂಗ್ ಆದವರೂ ಬರೆಯಬಹುದು. ಬಯೋಟೆಕ್ ಇಲ್ಲ. ಮೈಕ್ರೋ ಇಲ್ಲ. ಬಯೋಟೆಕ್‌ನವರು ಕುಂದ್ರಂಗಿಲ್ಲ.

ಲೆಕ್ಕದಮ್ಮ

ಹುಬ್ಬಳ್ಳಿಯವರೇ, ಪಟ್ಟಿಯಲ್ಲಿರುವ ವಿಷಯಗಳಲ್ಲಿ ಒಂದು ಇದ್ದರೆ ಸಾಕು. ಬಯೋಟೆಕ್ ಮತ್ತು ಮೈಕ್ರೋ ಜೊತೆ ಕೆಮಿಸ್ಟ್ರಿ ಇದ್ದರೆ ಕೂರಬಹುದು. ಗೌಡರು ಹೇಳಿದ ಕಾಂಬಿನೇಷನ್‌ನಲ್ಲಿ ಕೆಮಿಸ್ಟ್ರಿ ಇದೆಯಲ್ಲ? ಸುಮ್ನೆ ಹೆದರಿಸಬೇಡಿ.

ಹುಬ್ಬಳ್ಳಿ_ಮಂದಿ

ಹೌದ್ರೀ ಅಕ್ಕಾರ, ತಪ್ಪಾತು. ಆದರೂ ಮೂರೂ ಹೊಸ ವಿಷಯ ತಗೊಂಡವರ ಕಥಿ ಅದೇ ಅಲ್ಲೇನ್ರಿ.

ಸೆಮಿಸ್ಟರ್5

ಮೂರು ವರ್ಷವೋ ನಾಲ್ಕು ವರ್ಷವೋ ಎಂದು ಕೇಳಿದಿರಿ ಅಂಕಲ್. ನಮ್ಮ ಮನೆಯ ಕಥೆ ಕೇಳಿ. ಅಕ್ಕ 2018ರಲ್ಲಿ ಸೇರಿದಳು. ಮೂರು ವಿಷಯ, ಮೂರು ವರ್ಷ. ಅಣ್ಣ 2021ರಲ್ಲಿ ಸೇರಿದ. ಆ ವರ್ಷ ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು. ಎರಡೇ ಮುಖ್ಯ ವಿಷಯ, ಜೊತೆಗೆ ಓಪನ್ ಎಲೆಕ್ಟಿವ್ ಅಂತ ಬೇರೆ ಏನೇನೋ, ಬೇಕಾದರೆ ನಾಲ್ಕನೇ ವರ್ಷ ಆನರ್ಸ್. ಅವನು ಬಾಟನಿ, ಝೂವಾಲಜಿ ಇಟ್ಟುಕೊಂಡು ಕೆಮಿಸ್ಟ್ರಿ ಬಿಟ್ಟ. ನಾನು 2024ರಲ್ಲಿ ಸೇರಿದೆ. ಅಷ್ಟರಲ್ಲಿ ಸುಖದೇವ್ ಥೋರಟ್ ಅವರ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಬಂದು ಮತ್ತೆ ಮೂರು ವಿಷಯ, ಮೂರು ವರ್ಷ ಆಯಿತು. ಒಂದೇ ಮನೆಯಲ್ಲಿ ಮೂರು ಥರದ ಬಿ.ಎಸ್ಸಿ. ಅಕ್ಕನ ನೋಟ್ಸ್ ಅಣ್ಣನಿಗೆ ಉಪಯೋಗವಾಗಲಿಲ್ಲ, ಅಣ್ಣನದು ನನಗೆ ಆಗಲಿಲ್ಲ. ರದ್ದಿ ಅಂಗಡಿಯವನಿಗೆ ಮಾತ್ರ ಮೂರೂ ಆಯಿತು.

ಹಾಗಾಗಿ ನಿಮ್ಮ ಮಗಳಿಗೆ ರಾಜ್ಯದ ವಿವಿಯಲ್ಲಿ ಮೂರು ವರ್ಷ.

ಕಪ್ಪೆ_ಕಾಲದವ

ನಮ್ಮ ಕಾಲದಲ್ಲಿ ಇಷ್ಟೆಲ್ಲ ಗೊಂದಲ ಇರಲಿಲ್ಲ. ಬಯಾಲಜಿ ಎಂದರೆ ಸಿಬಿಝಡ್, ಮುಗಿಯಿತು. ನಾನು 1979ರ ಬ್ಯಾಚ್. ಮೊದಲ ವರ್ಷವೇ ಕಪ್ಪೆ ಕೊಯ್ದಿದ್ದೇವೆ. ಮೇಣದ ತಟ್ಟೆಯ ಮೇಲೆ ನಾಲ್ಕು ಕಾಲಿಗೂ ಗುಂಡುಪಿನ್ನು ಚುಚ್ಚಿ, ಹೊಟ್ಟೆ ತೆರೆದರೆ ಹೃದಯ ಇನ್ನೂ ಬಡಿಯುತ್ತಿತ್ತು. ಆಮೇಲೆ ಜಿರಳೆಯ ನರಮಂಡಲ. ಎರೆಹುಳ. ಒಂದು ಸಣ್ಣ ಶಾರ್ಕ್ ಮೀನು ಫಾರ್ಮಲಿನ್‌ನಲ್ಲಿ ಬರುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆ ಕೈಯಲ್ಲಿ ಊಟ ಮಾಡಲು ವಾರ ಬೇಕಾಯಿತು. ಆದರೆ ಕಪ್ಪೆಯ ರಕ್ತನಾಳ ಇವತ್ತು ಕೇಳಿದರೂ ಬರೆದು ತೋರಿಸುತ್ತೇನೆ. ಈಗಿನವರು ಕಂಪ್ಯೂಟರಿನಲ್ಲಿ ಕಪ್ಪೆ ಕೊಯ್ಯುತ್ತಾರಂತೆ. ಅದೇನು ಕಲಿಕೆಯೋ!

ಸೆಮಿಸ್ಟರ್5

ತಾತ, 2014ರಲ್ಲೇ ಯುಜಿಸಿ ಡಿಸೆಕ್ಷನ್ ನಿಲ್ಲಿಸಲು ಹೇಳಿತು. ಒಳ್ಳೆಯದೇ ಆಯಿತು. ವರ್ಷಕ್ಕೆ ಎಷ್ಟು ಕಾಲೇಜು, ಎಷ್ಟು ಕಪ್ಪೆ, ನೀವೇ ಲೆಕ್ಕ ಹಾಕಿ. ಅವರಲ್ಲಿ ಎಷ್ಟು ಜನ ಮುಂದೆ ಸರ್ಜನ್ ಆದರು?

ಕಪ್ಪೆ_ಕಾಲದವ

ನಾನು ಎಲ್‌ಐಸಿ ಆದೆ.

ಬಂಗುಡೆ

ಹಹ್ಹಾ, ಸತ್ತೇ ಹೋದೆ ಮಾರಾಯ್ರೆ. ಕೊಯ್ಯಲೇಬೇಕು ಅಂತಿದ್ದರೆ ಮೀನು ಕೊಯ್ಯಲಿ. ಪ್ರಾಕ್ಟಿಕಲ್ ಆದ ಹಾಗೂ ಆಯಿತು, ಸಾಂಬಾರು ಆದ ಹಾಗೂ ಆಯಿತು. ತಮಾಷೆ ಅಲ್ಲ, ನಾನು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಬಿ.ಎಫ್.ಎಸ್ಸಿ. ಮಾಡಿದವ. 1969ರಿಂದ ಇರುವ ಕಾಲೇಜು. ನಾಲ್ಕು ವರ್ಷ. ಬಯಾಲಜಿ ಇಷ್ಟ, ಡಾಕ್ಟರ್ ಸೀಟು ಸಿಗಲಿಲ್ಲ ಎಂದವರು ಇದನ್ನು ಯಾಕೆ ನೋಡುವುದಿಲ್ಲವೋ. ಶಿರಸಿ, ಪೊನ್ನಂಪೇಟೆಯಲ್ಲಿ ಫಾರೆಸ್ಟ್ರಿ ಇದೆ, ಚಿಂತಾಮಣಿಯಲ್ಲಿ ರೇಷ್ಮೆ ಇದೆ, ಬಾಗಲಕೋಟೆಯಲ್ಲಿ ತೋಟಗಾರಿಕೆ ಇದೆ. ಇವೂ ಬಯಾಲಜಿಯೇ ಅಲ್ವಾ?

ಗೂಡು

ಬಂಗುಡೆಯವರೇ, ರೇಷ್ಮೆ ನೆನಪಿಸಿದ್ದಕ್ಕೆ ಧನ್ಯವಾದ. ಹುಳಕ್ಕೆ ಐದು ಹಂತ, ನಾಲ್ಕು ಜ್ವರ (ಪೊರೆ ಕಳಚುವುದು), ತಿಂಗಳೊಳಗೆ ಗೂಡು. ನಾವು ಮನೆಯಲ್ಲಿ ಹುಳ ಗೂಡು ಕಟ್ಟುವ ಚಂದ್ರಿಕೆ ನೋಡಿಕೊಂಡೇ ಕೀಟಶಾಸ್ತ್ರ ಕಲಿತವರು.

ಹುಬ್ಬಳ್ಳಿ_ಮಂದಿ

ಗೌಡ್ರಿಗೆ ಗೊಬ್ಬರದ ಅಂಗಡಿ ಐತಿ. ಮಗಳು ಎಲೆ ಅಂಟಿಸಿ ಇಡ್ತಾಳ. ಇಷ್ಟು ಕೇಳಿದ ಮೇಲೂ ಯಾರೂ ಬಿ.ಎಸ್ಸಿ. ಅಗ್ರಿ ಅನ್ನಲಿಲ್ಲಲ್ರೀ! ಸಿಇಟಿ ಬರೆದಿಲ್ಲೇನು? ರೈತರ ಮಕ್ಕಳ ಕೋಟಾದಾಗ ಹಾಕಿದರೆ ಆಗ್ತಿತ್ತು.

ಗೊಬ್ಬರದಂಗಡಿ

ಸಿಇಟಿ ಬರೆದಿದ್ದಾಳೆ ಸರ್. ರ‍್ಯಾಂಕ್ ಅಗ್ರಿಗೆ ಸಾಲದು. ರೈತರ ಕೋಟಾಕ್ಕೆ ದಾಖಲೆ ಬೇಕು. ನಮ್ಮಪ್ಪ ಇದ್ದ ಒಂದೂವರೆ ಎಕರೆ ಮಾರಿಯೇ ಅಂಗಡಿ ಹಾಕಿಕೊಟ್ಟದ್ದು. ಊರಿನ ರೈತರೆಲ್ಲ ನನ್ನ ಹತ್ತಿರ ಸಾಲ ಬರೆಸುತ್ತಾರೆ, ನನ್ನ ಹೆಸರಲ್ಲಿ ಒಂದು ಗುಂಟೆ ಪಹಣಿ ಇಲ್ಲ.

ಅಂಗಡಿ ವಿಷಯ ಬಂತು ಎಂದು ಕೇಳುತ್ತೇನೆ. ಔಷಧಿ ಮಾರಲು ಓದಿರಬೇಕು ಎಂದು ನಿಯಮ ಬಂದಾಗ ನಾನು ನಮ್ಮಂಥ ಅಂಗಡಿಯವರಿಗೆಂದೇ ಇರುವ ದೇಸಿ (DAESI) ಡಿಪ್ಲೊಮಾಗೆ ಸೇರಿ, ಒಂದು ವರ್ಷ, ವಾರಕ್ಕೊಂದು ದಿನ ಅಂಗಡಿ ಬಾಗಿಲು ಹಾಕಿ ಕ್ಲಾಸಿಗೆ ಹೋಗಿ ಪಾಸ್ ಮಾಡಿದೆ. ನಲವತ್ತಾರನೇ ವಯಸ್ಸಿನಲ್ಲಿ ಪರೀಕ್ಷೆ ಬರೆದೆ, ಕೈ ನಡುಗುತ್ತಿತ್ತು. ನಾಳೆ ಮಗಳು ಸಿಬಿಝಡ್ ಓದಿದರೆ ಲೈಸೆನ್ಸ್ ಅವಳ ಹೆಸರಿಗೆ ಆಗುತ್ತದಾ, ಅಗ್ರಿಯೇ ಬೇಕಾ?

ಲೆಕ್ಕದಮ್ಮ

ಆಗುತ್ತದೆ ಗೌಡ್ರೇ. ನೀವು ಓದಲು ಹೋಗಿದ್ದು ಅದೇ 2015ರ ತಿದ್ದುಪಡಿಯಿಂದ. ಕೀಟನಾಶಕ ಮಾರುವ ಲೈಸೆನ್ಸಿಗೆ ಕೃಷಿ ಪದವಿ, ಇಲ್ಲವೇ ಬಯೋಕೆಮಿಸ್ಟ್ರಿ, ಬಯೋಟೆಕ್, ಲೈಫ್ ಸೈನ್ಸ್, ಇಲ್ಲವೇ ಕೆಮಿಸ್ಟ್ರಿ ಅಥವಾ ಬಾಟನಿ ಅಥವಾ ಝೂವಾಲಜಿ ಇರುವ ಬಿ.ಎಸ್ಸಿ. ನಡೆಯುತ್ತದೆ. ಇಲ್ಲಿ ನಿಮ್ಮ ಭಾಮೈದನೂ ಗೆದ್ದರು, ಮೇಷ್ಟ್ರೂ ಗೆದ್ದರು.

ಶಿರಸಿಯವ

ಮೂರು ವರ್ಷದ ಡಿಗ್ರಿ ಹೊರದೇಶದಲ್ಲಿ ನಡೆಯುವುದಿಲ್ಲ ಎಂದು ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ. ನಾನು ಜರ್ಮನಿಯಲ್ಲಿದ್ದೇನೆ, ಊರಿನಲ್ಲಿ ಸಿಬಿಝಡ್ ಓದಿದವ. ಇಲ್ಲಿ ಬ್ಯಾಚುಲರ್ ಡಿಗ್ರಿಯೇ ಹೆಚ್ಚಾಗಿ ಮೂರು ವರ್ಷದ್ದು. ಅವರು ವರ್ಷಕ್ಕಿಂತ ಜಾಸ್ತಿ ನೋಡುವುದು ಯಾವ ವಿಷಯ ಎಷ್ಟು ಓದಿದ್ದೀರಿ ಎಂಬುದನ್ನು. ಮಾಲಿಕ್ಯುಲರ್ ಬಯಾಲಜಿಯ ಮಾಸ್ಟರ್ಸ್‌ಗೆ ಅರ್ಜಿ ಹಾಕಿದಾಗ ನನ್ನ ಸಿಲಬಸ್ ಪೂರ್ತಿ ಕೇಳಿದರು. ಒಂದೊಂದು ಪೇಪರಿನ ಪಾಠದ ಪಟ್ಟಿಯನ್ನೂ ಕಳಿಸಬೇಕಾಯಿತು. 2022ರ ನವೆಂಬರ್‌ನಿಂದ ನಮ್ಮ ದೇಶದವರಿಗೆ ಅಂಕಪಟ್ಟಿ ಅಸಲಿಯೇ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯ ಆಗಿದೆ. ಅಮೆರಿಕದಲ್ಲಿ ಮಾತ್ರ ಎಷ್ಟೋ ವಿವಿಗಳು ನಾಲ್ಕು ವರ್ಷ ಕೇಳುತ್ತವೆ, ಅದು ನಿಜ. ಬಿ.ಎಸ್ಸಿ. ಮೇಲೆ ಎಂ.ಎಸ್ಸಿ. ಮಾಡಿ ಹೋದವರು ನನ್ನ ಗೆಳೆಯರಲ್ಲೇ ಇದ್ದಾರೆ.

ಸಿಲಬಸ್ ಪುಸ್ತಕ ಎಸೆಯಬೇಡಿ. ಆ ಹಳೇ ಪಿಡಿಎಫ್ ಹುಡುಕಲು ನಾನು ಪಟ್ಟ ಪಾಡು ದೇವರಿಗೇ ಪ್ರೀತಿ.

ಮಾಜಿ_ಬಯೋಟೆಕ್

ಇಷ್ಟೆಲ್ಲ ಯಾಕೆ? ಬೆಂಗಳೂರಿನ ಐಐಎಸ್‌ಸಿಯಲ್ಲೇ 2011ರಿಂದ ನಾಲ್ಕು ವರ್ಷದ ಬಿ.ಎಸ್. ರಿಸರ್ಚ್ ಇದೆಯಲ್ಲ. ಬಯಾಲಜಿ ಮೇಜರ್ ಇದೆ. ಅಲ್ಲಿಗೆ ಹಾಕಲಿ.

ನೊಣಪ್ಪ

ಹಾಕಲಿ ಎಂದರೆ ಅರ್ಜಿ ಹಾಕಿ ಬಿಡುವುದಲ್ಲ ಸ್ವಾಮಿ. ಐಸರ್ ಎಂಬ ಕೇಂದ್ರದ ವಿಜ್ಞಾನ ಸಂಸ್ಥೆಗಳವರು ನಡೆಸುವ ಐಎಟಿ ಪ್ರವೇಶ ಪರೀಕ್ಷೆ ಇಲ್ಲವೇ ಜೆಇಇಯಲ್ಲಿ ರ‍್ಯಾಂಕ್ ಬರಬೇಕು. ಐಎಟಿಯಲ್ಲಿ ಬಯಾಲಜಿಗೆ 15 ಪ್ರಶ್ನೆ, ಕೆಮಿಸ್ಟ್ರಿಗೆ 15, ಫಿಸಿಕ್ಸ್‌ಗೆ 15, ಗಣಿತಕ್ಕೂ 15. ನೀಟ್‌ನಲ್ಲಿ 180ರಲ್ಲಿ 90 ಪ್ರಶ್ನೆ ಬಯಾಲಜಿ. ನೀಟ್‌ಗೆ ಓದಿದವರು ಗಣಿತ ಕೈಬಿಟ್ಟಿರುತ್ತಾರೆ, ಅಲ್ಲಿ ಸೋಲುತ್ತಾರೆ. ಐಐಎಸ್‌ಸಿಗೆ ಸೇರಿದರೂ ಬಯಾಲಜಿ ಮೇಜರ್‌ನವರಿಗೆ ಮೊದಲ ಮೂರು ಸೆಮಿಸ್ಟರ್ ಗಣಿತ, ಫಿಸಿಕ್ಸ್ ತಪ್ಪಿದ್ದಲ್ಲ. ಒಳ್ಳೆಯ ಕೋರ್ಸ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೊಂದನ್ನೇ ಹೇಳಿ ಮಿಕ್ಕಿದ್ದೆಲ್ಲ ಕಸ ಅನ್ನಬೇಡಿ.

ಈಗ ಗೌಡರ ಮೊದಲ ಪ್ರಶ್ನೆಗೆ ಬರುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ನಾನು ಮೈಸೂರಿನಲ್ಲಿ ಸಿಬಿಝಡ್ ಓದಿ, ಮೈಸೂರು ವಿವಿಯ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಝೂವಾಲಜಿ ಮಾಡಿ, ಈಗ ಜೆನೆಟಿಕ್ಸ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ದಾರಿ ಮುಚ್ಚುವುದು ಎಲ್ಲಿ ಎಂದರೆ ಎಂ.ಎಸ್ಸಿ. ಬಾಗಿಲಲ್ಲಿ. ನಮ್ಮ ವಿವಿಗಳಲ್ಲಿ ಎಂ.ಎಸ್ಸಿ. ಬಾಟನಿಗೆ ಸೇರಬೇಕಾದರೆ ಡಿಗ್ರಿಯಲ್ಲಿ ಬಾಟನಿ ಓದಿರಬೇಕು. ಝೂವಾಲಜಿಗೆ ಝೂವಾಲಜಿ. ಅದೇ ಬಯೋಟೆಕ್ ಎಂ.ಎಸ್ಸಿ. ಕಡೆ ನೋಡಿ. ಎಂ.ಎಸ್ಸಿ. ಪ್ರವೇಶಕ್ಕೆ ಐಐಟಿಗಳು ನಡೆಸುವ ಜಾಮ್ ಪರೀಕ್ಷೆಯ ಬಯೋಟೆಕ್ನಾಲಜಿ ಪೇಪರನ್ನು ಸಿಬಿಝಡ್‌ನವರೂ ಬರೆಯಬಹುದು. ನನ್ನ ಕ್ಲಾಸಿನ ಇಬ್ಬರು ಬರೆದು ಹೋದರು. ಮುಂದೆ ಸಂಶೋಧನೆ, ಅಧ್ಯಾಪನಕ್ಕೆ ಬರೆಯುವ ಸಿಎಸ್‌ಐಆರ್ ನೆಟ್‌ನಲ್ಲಿ ಎಲ್ಲರಿಗೂ ಲೈಫ್ ಸೈನ್ಸಸ್ ಎಂಬ ಒಂದೇ ಪೇಪರ್. ಅಂದರೆ ಸಿಬಿಝಡ್‌ನಿಂದ ಬಯೋಟೆಕ್‌ಗೆ ದಾಟಬಹುದು, ಬಯೋಟೆಕ್‌ನಿಂದ ಬಾಟನಿಗೆ ದಾಟುವುದು ಕಷ್ಟ. ಹುಳ, ಹಕ್ಕಿ, ಎಲೆ ಅನ್ನುವ ಹುಡುಗಿಗೆ ಇನ್ನೇನು ಹೇಳಲಿ?

ಆದರೆ ಕಾಂಬಿನೇಷನ್‌ಗಿಂತ ದೊಡ್ಡ ವಿಷಯ ಲ್ಯಾಬ್. ಮೈಸೂರಿನಲ್ಲಿ ಯುವರಾಜ ಕಾಲೇಜು ವಿವಿಯದೇ ಘಟಕ ಕಾಲೇಜು. ಹೆಣ್ಣುಮಕ್ಕಳಿಗೆ ಮಹಾರಾಣಿ ವಿಜ್ಞಾನ ಕಾಲೇಜಿದೆ. ಖಾಸಗಿಯವೂ ಇವೆ. ಯಾವುದಕ್ಕೆ ಸೇರಿಸುವುದಾದರೂ ಮಗಳನ್ನು ಕರೆದುಕೊಂಡು ಒಂದು ದಿನ ಹೋಗಿ. ಪ್ರಿನ್ಸಿಪಾಲರ ಹತ್ತಿರ ಕೇಳಬೇಡಿ, ಎಲ್ಲ ಇದೆ ಅಂತಾರೆ. ಲ್ಯಾಬ್ ಅಟೆಂಡರ್ ಅಣ್ಣನನ್ನು ಹಿಡಿಯಿರಿ. "ಹೋದ ವಾರ ಮಕ್ಕಳು ಏನು ಪ್ರಾಕ್ಟಿಕಲ್ ಮಾಡಿದರು, ಒಂದು ಮೈಕ್ರೋಸ್ಕೋಪಿಗೆ ಎಷ್ಟು ಜನ" ಎಂದು ಕೇಳಿ. ಆಯುಧಪೂಜೆಗೆ ಹೊರಗೆ ಬರುವ ಯಂತ್ರ ಯಾವುದು ಅಂತಲೂ ಕೇಳಿ.

ಮಾಜಿ_ಬಯೋಟೆಕ್

ಕೊನೆಯ ಪ್ರಶ್ನೆಗೆ ನನ್ನ ಹೆಸರು ಹೇಳಿ.

ಕುಕ್ಕರಹಳ್ಳಿ

ನೊಣಪ್ಪನವರೇ, ಹೆಸರು ನೋಡಿದರೆ ನೀವು ಡ್ರಾಸೋಫಿಲಾದವರು ಅನ್ನಿಸುತ್ತದೆ.

ನೊಣಪ್ಪ

ಸಿಕ್ಕಿಬಿದ್ದೆ! ಹೌದು. ಹಣ್ಣಿನ ನೊಣ. ಬಾಳೆಹಣ್ಣು ಕೊಳೆತರೆ ಸುತ್ತ ಹಾರುತ್ತಲ್ಲ, ಅಂಥದ್ದು. ನಮ್ಮ ಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಇದಕ್ಕೆಂದೇ ಸ್ಟಾಕ್ ಸೆಂಟರ್ ಇದೆ. ಕೆಂಪು ಕಣ್ಣು, ಬಿಳಿ ಕಣ್ಣು, ಮುರುಟು ರೆಕ್ಕೆ, ಕಪ್ಪು ಮೈ ಎಂದು ತಳಿಗಳನ್ನು ಬಾಟಲಿಯಲ್ಲಿ ಸಾಕುತ್ತಾರೆ.

ಅವಕ್ಕೆ ಹಾಕುವ ಊಟ ಕೇಳಿ. ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, ಗಟ್ಟಿಯಾಗಲು 10 ಗ್ರಾಂ ಅಗರ್. ಕುದಿಸಿ, ಬೂಷ್ಟು ಬರದ ಹಾಗೆ ಸ್ವಲ್ಪ ಪ್ರೊಪಿಯಾನಿಕ್ ಆಸಿಡ್. ಬಾಟಲಿಗೆ ಸುರಿದು ತಣ್ಣಗಾದ ಮೇಲೆ ಮೇಲೊಂದು ತೊಟ್ಟು ಯೀಸ್ಟ್. ಆಸಿಡ್ ಬಿಟ್ಟರೆ ಅಪ್ಪಟ ಸಜ್ಜಿಗೆ ರೀ! ಮೊದಲ ಸಲ ನಾನು ಕುದಿಸುವಾಗ ಕಾರಿಡಾರ್ ತುಂಬ ಸತ್ಯನಾರಾಯಣ ಪೂಜೆಯ ವಾಸನೆ. ತುಪ್ಪ, ದ್ರಾಕ್ಷಿ ಎಲ್ಲಿ ಎಂದು ಪಕ್ಕದ ಲ್ಯಾಬಿನವರು ಇಣುಕಿದ್ದರು.

25 ಡಿಗ್ರಿಯಲ್ಲಿ ಇಟ್ಟರೆ ಹತ್ತು ದಿನಕ್ಕೆ ಒಂದು ತಲೆಮಾರು. ಮೆಂಡೆಲ್‌ಗೆ ಬಟಾಣಿಯಲ್ಲಿ ವರ್ಷ ಹಿಡಿಯುವುದು ನಮಗೆ ತಿಂಗಳಲ್ಲಿ ಮುಗಿಯುತ್ತದೆ. ಕಷ್ಟ ಎಂದರೆ ಗಂಡಿನ ಜೊತೆ ಕೂಡದ ಹೆಣ್ಣು ನೊಣ ಬೇಕು. ಗೂಡಿನಿಂದ ಹೊರಬಂದು ಎಂಟು ಗಂಟೆಯೊಳಗೆ ಆರಿಸಬೇಕು. ಬೆಳಿಗ್ಗೆ ಆರಕ್ಕೇ ಲ್ಯಾಬ್. ಈಥರ್ ಕೊಟ್ಟು ಮಲಗಿಸಿ ಎಣಿಸಬೇಕು. ಜಾಸ್ತಿ ಆದರೆ ರೆಕ್ಕೆ ನೆಟ್ಟಗೆ ನಿಲ್ಲುತ್ತದೆ, ಅಂದರೆ ಸತ್ತಿತು. ಡಿಗ್ರಿ ಎರಡನೇ ವರ್ಷದಲ್ಲಿ ನಾನೇ ಎಣಿಸಿ ಮೆಂಡೆಲ್ ಹೇಳಿದ 3:1 ಅನುಪಾತ ಬಂದ ದಿನ, ಪುಸ್ತಕದಲ್ಲಿ ಬರೆದದ್ದು ನಿಜ ಎಂದು ಮೊದಲ ಸಲ ಅನ್ನಿಸಿತು. ನನಗೆ ಬಂದದ್ದು 298ಕ್ಕೆ 103. ಇನ್ನೂ ಮರೆತಿಲ್ಲ.

ಕಪ್ಪೆ_ಕಾಲದವ

ಕಪ್ಪೆ ಕೊಂದರೆ ಪಾಪ, ನೊಣ ಕೊಂದರೆ ಪಿಎಚ್.ಡಿ.

ದೋಸೆಪ್ರಿಯ

ಸಜ್ಜಿಗೆ ಓದಿ ಹಸಿವಾಯಿತು.

ಬಂಗುಡೆ

ಸಜ್ಜಿಗೆ ಅಂದರೆ ನಮ್ಮಲ್ಲಿ ಉಪ್ಪಿಟ್ಟು ಮಾರಾಯ್ರೆ. ಅವಲಕ್ಕಿ ಜೊತೆ ತಿನ್ನುವುದು. ಬೆಲ್ಲ ಹಾಕಿದರೆ ಅದು ಶೀರಾ.

ಕುಕ್ಕರಹಳ್ಳಿ

ಮೈಸೂರಿನಲ್ಲಿ ಸಜ್ಜಿಗೆ ಸಿಹಿಯೇ. ಖಾರದ್ದು ಉಪ್ಪಿಟ್ಟು. ಇದರಲ್ಲಿ ರಾಜಿ ಇಲ್ಲ.

ಹುಬ್ಬಳ್ಳಿ_ಮಂದಿ

ಶಿರಾ ಅಂದ್ರ ಶಿರಾ, ಉಪ್ಪಿಟ್ಟು ಅಂದ್ರ ಉಪ್ಪಿಟ್ಟು. ಸಜ್ಜಿಗೆ ಅಂದ್ರ ಏನು?

ನಿರ್ವಾಹಕ

ಅಡುಗೆಗೆ ಬೇರೆ ವಿಭಾಗ ಇದೆ. ವಿಷಯಕ್ಕೆ ಬನ್ನಿ.

ಗೊಬ್ಬರದಂಗಡಿ

ಇನ್ನೊಂದು ಅಳುಕು ಇದೆ. ಮಗಳು ಹತ್ತರವರೆಗೆ ಕನ್ನಡ ಮೀಡಿಯಂ. ಪಿಯುನಲ್ಲಿ ಇಂಗ್ಲಿಷ್‌ಗೆ ಬಿದ್ದು ಮೊದಲ ವರ್ಷ ತುಂಬ ಕಷ್ಟಪಟ್ಟಳು. ಡಿಗ್ರಿಯಲ್ಲಿ ಹೇಗೆ?

ಚಾಕ್‌ಪೀಸ್

ಪಿಯು ದಾಟಿದ್ದಾಳಲ್ಲ, ಅರ್ಧ ಗೆದ್ದ ಹಾಗೆ. ನಾನೂ ಅದೇ ಥರ ಬಂದವಳು. ಬಯಾಲಜಿಯಲ್ಲಿ ಕನ್ನಡ ಮೀಡಿಯಂನವರಿಗೂ ಇಂಗ್ಲಿಷ್ ಮೀಡಿಯಂನವರಿಗೂ ಒಂದು ಸಮಾನತೆ ಇದೆ. ಹೆಸರುಗಳೆಲ್ಲ ಲ್ಯಾಟಿನ್, ಗ್ರೀಕ್. ಕಾನ್ವೆಂಟ್ ಮಕ್ಕಳಿಗೂ ಬರುವುದಿಲ್ಲ. ಕಷ್ಟ ಇರುವುದು ಪರೀಕ್ಷೆಯಲ್ಲಿ ಹತ್ತು ಮಾರ್ಕಿನ ಉತ್ತರ ಬರೆಯುವಾಗ. ಎಂಸಿಕ್ಯೂ ಮಾಡಿ ಮಾಡಿ ನೀಟ್‌ನವರಿಗೆ ಬರೆಯುವ ಕೈಯೇ ತಪ್ಪಿಹೋಗಿರುತ್ತದೆ. ದಿನಾ ಒಂದು ಪುಟ ಬರೆಯಲಿ. ಚಿತ್ರ ಬರೆದು ಭಾಗ ಗುರುತಿಸುವವರಿಗೆ ಭಾಷೆಯ ಭಾರ ಕಡಿಮೆ. ಎಲೆ ಅಂಟಿಸುವ ಹುಡುಗಿಗೆ ಚಿತ್ರವೂ ಬರುತ್ತಿರಬೇಕು.

ರಾತ್ರಿಪಾಳಿ

ಗೌಡ್ರೇ, ನಾನು ಮೈಕ್ರೋ ಪರ ವಾದ ಮಾಡಿದೆ, ಆದರೆ ನಿಮ್ಮ ಮಗಳಿಗೆ ಅಲ್ಲ ಅನ್ನಿಸುತ್ತಿದೆ. ನನಗೆ ಆಗ ಬೇಗ ಸಂಬಳ ಬೇಕಿತ್ತು, ಅಪ್ಪ ಇರಲಿಲ್ಲ. ಹುಳದ ಆಸೆ ಇರುವವಳನ್ನು ಕ್ಲೀನ್ ರೂಮಿನಲ್ಲಿ ಕೂರಿಸಬೇಡಿ, ಅಲ್ಲಿ ಹುಳ ಕಂಡರೆ ಕಂಪನಿಯೇ ನಿಲ್ಲುತ್ತದೆ.

ಗೊಬ್ಬರದಂಗಡಿ

ನಿನ್ನೆ ಮೈಸೂರಿಗೆ ಹೋಗಿದ್ದೆವು. ಎರಡು ಕಾಲೇಜು ನೋಡಿದೆವು. ನೊಣಪ್ಪ ಸರ್ ಹೇಳಿದ ಹಾಗೆ ಅಟೆಂಡರ್‌ನ ಮಾತಾಡಿಸಿದೆ. ಮೊದಲನೆಯ ಕಡೆ ಆತ ಆಚೆ ಈಚೆ ನೋಡಿ, "ಟೀ ಕುಡಿಯೋಣ ಬನ್ನಿ ಸಾರ್" ಎಂದ. ಟೀ ಕುಡಿಯುತ್ತಾ ಎಲ್ಲ ಹೇಳಿದ. ಅಲ್ಲಿ ಬೇಡ ಎಂದು ತೀರ್ಮಾನ ಆಯಿತು. ಎರಡನೆಯ ಕಡೆ ಲ್ಯಾಬ್ ಹಳೆಯದು, ಟೇಬಲ್ ಎಲ್ಲ ಸವೆದು ಹೋಗಿವೆ. ಆದರೆ ಮಕ್ಕಳು ಕೆಲಸ ಮಾಡುತ್ತಿದ್ದರು. ಒಬ್ಬ ಹುಡುಗಿ ಹಳೇ ಪೇಪರಿನ ಮಧ್ಯೆ ಗಿಡ ಒತ್ತಿಡುತ್ತಿದ್ದಳು, ದಿನಾ ಪೇಪರ್ ಬದಲಾಯಿಸಬೇಕಂತೆ. ನನ್ನ ಮಗಳು ಅವಳ ಹತ್ತಿರ ನಿಂತವಳು ಮುಕ್ಕಾಲು ಗಂಟೆ ಬರಲಿಲ್ಲ. ರೈಲು ತಪ್ಪಿತು.

ಫಾರಂ ಹಾಕಿದ್ದೇವೆ. ಕೆಮಿಸ್ಟ್ರಿ, ಬಾಟನಿ, ಝೂವಾಲಜಿ. ಭಾಮೈದ ಫೋನ್ ಎತ್ತುತ್ತಿಲ್ಲ.

ಗೊಬ್ಬರದಂಗಡಿ

ನಮಸ್ಕಾರ, ನಾನು ಮಗಳು. ಅಪ್ಪ ಸಂತೆಗೆ ಹೋಗಿದ್ದಾರೆ. ಈಗಷ್ಟೇ ಎಲ್ಲ ಓದಿದೆ. ನನ್ನ ನೀಟ್ ಮಾರ್ಕ್ಸನ್ನು ಊರಿಗೆಲ್ಲ ಹೇಳಿದ್ದಾರೆ, ಬರಲಿ ಇವತ್ತು ಮನೆಗೆ. ಅದು 388 ಅಲ್ಲ, 398.

ನೊಣಪ್ಪ ಸರ್, ಒಂದು ಪ್ರಶ್ನೆ. ಮನೆಯಲ್ಲಿ ಅಗರ್ ಇಲ್ಲ. ಬರೀ ರವೆ, ಬೆಲ್ಲ ಹಾಕಿ ಗಟ್ಟಿಯಾಗಿ ಮಾಡಿದರೆ ನೊಣ ಬದುಕುತ್ತಾ? ಅಡುಗೆಮನೆಯಲ್ಲಿ ಬಾಳೆಹಣ್ಣಿನ ಹತ್ತಿರ ಹಿಡಿದ ಹದಿನೇಳು ಇವೆ, ಹಾರ್ಲಿಕ್ಸ್ ಬಾಟಲಿಯಲ್ಲಿ.

ನೊಣಪ್ಪ

ಎರಡು ಮೂರು ದಿನ ಬದುಕುತ್ತವೆ ಪುಟ್ಟಿ, ಆಮೇಲೆ ಬೂಷ್ಟು ಬರುತ್ತದೆ. ಬೇಗ ಬೇಗ ಹೊಸ ಬಾಟಲಿಗೆ ಬದಲಾಯಿಸು. ಮುಚ್ಚಳ ಬೇಡ, ಬಾಯಿಗೆ ಹತ್ತಿ ತುರುಕು. ಅಮ್ಮನಿಗೆ ಹೇಳಿದ್ದೀಯಾ?

ಗೊಬ್ಬರದಂಗಡಿ

ಇಲ್ಲ.